ನಂಬರ್ ನೋಡುವ ಚೆನ್ನಿಯಪ್ಪನ್ ಮಾವ

ನನ್ನ ಗಂಡನ ಚಿಕ್ಕಪ್ಪ ಚೆನ್ನಿಯಪ್ಪನ್, ತಿರುಪ್ಪೂರಿನ ಕಡೆಯ ಸಿಂಗಾನಲ್ಲೂರಿನ ಒಂದು ನೂಲಿನ ಗಿರಣಿಯಲ್ಲಿ ಮೂವತ್ತೊಂದು ವರ್ಷದಿಂದ ಒಂದೇ ಕೆಲಸ ಮಾಡುತ್ತಿದ್ದರು: ನೂಲಿನ ನಂಬರ್ ನೋಡುವುದು. ಎಳೆ ಸಣ್ಣಗಾದಷ್ಟೂ ನಂಬರ್ ಏರುತ್ತದೆ. ಇಪ್ಪತ್ತು ಅಂದರೆ ಒರಟು ದಾರ, ನೂರು ಅಂದರೆ ಕೂದಲಿನಂಥದ್ದು. ಇಷ್ಟು ಗಜ ಸುತ್ತಿ, ತೂಗಿ, ಲೆಕ್ಕ ಹಾಕಿ ಬರೆಯಬೇಕೆಂದು ನಿಯಮ. ಮಾವ ಹೆಬ್ಬೆರಳಲ್ಲಿ ಒಮ್ಮೆ ಉಜ್ಜಿ ಮೊದಲೇ ಹೇಳಿಬಿಡುತ್ತಿದ್ದರು. ತಕ್ಕಡಿ ಆಮೇಲೆ ಹೂಂ ಅನ್ನುತ್ತಿತ್ತು.

ನನ್ನ ಮದುವೆಯ ದಿನ ಎಲ್ಲರೂ ಅಕ್ಷತೆ ಹಾಕಿದರೆ, ಇವರು ನನ್ನ ಸೆರಗಿನ ತುದಿ ಹಿಡಿದು ಉಜ್ಜಿದ್ದರು. "ಎಂಬತ್ತು ಅಂತೇಳಿ ಅರವತ್ತು ತಳ್ಳವ್ನೆ ಸೀರೆ ಮಾರಿದ ಕಡೆಕಾರ. ಪರವಾಯಿಲ್ಲ, ಬಾಳಿಕೆ ಬತ್ತದೆ, ಅಮ್ಮಣಿ." ಮೈಸೂರಿನಲ್ಲಿ ಓದಿ ಬೆಳೆದ ನನಗೆ ಬಾಳಿಕೆ ಬರುವುದು ಸೀರೆಯೋ ನಾನೋ ತಿಳಿಯದೆ ಕಿವಿ ಬಿಸಿಯಾಗಿತ್ತು.

ಹೆಂಡತಿ ತೀರಿಕೊಂಡ ಮೇಲೆ ಅವರು ನಮ್ಮ ಹಿಂದಿನ ಕೋಣೆಯಲ್ಲಿದ್ದರು. 1988ರಲ್ಲಿ ಒಂದು ಪುಸ್ತಕ ಮನೆಗೆ ಬಂತು. ನನ್ನವರು ಕೆಲಸ ಮಾಡುವ ತಿರುಪ್ಪೂರಿನ ಬನಿಯನ್ ಕಂಪನಿಗೆ ಜಪಾನಿನಿಂದ ಹೊಲಿಗೆ ಯಂತ್ರ ಬಂದಿತ್ತು. ಪೆಟ್ಟಿಗೆಯ ಸಂದಿಗೆ ತುರುಕಿದ್ದ ಕಾಗದದ ನಡುವೆ ದಪ್ಪನೆಯ ಚಿತ್ರಕಥೆಯ ಪುಸ್ತಕವೂ ಇತ್ತು. ಪುಟಪುಟಕ್ಕೂ ಹೊಡೆದಾಟ. ಅಕ್ಷರ ಒಂದೂ ಗೊತ್ತಾಗುವಂತಿರಲಿಲ್ಲ. ಆದರೆ ಹೊಡೆದಾಡುವವರ ತಲೆಯ ಮೇಲೆಲ್ಲ ಒಂದೊಂದು ಅಂಕಿ, ಮತ್ತು ಅಂಕಿ ನಮಗೆ ಗೊತ್ತಿರುವುದೇ. ಗುಡ್ಡದಂಥ ರಾಕ್ಷಸನಿಗೆ 20. ಕಡ್ಡಿಯಂಥ ಹುಡುಗನಿಗೆ 10, 40, 80, ಹೀಗೆ ಬದಲಾಗುತ್ತ, ನಾವು ಮೊದಲ ಪುಟ ಅಂದುಕೊಂಡ ತುದಿಯಲ್ಲಿ 100.

"ಇದ್ನ ಹಿಂದುಮುಂದಾಗಿ ಹಿಡ್ದವ್ರೆ ನಿಮ್ಮೋರು," ಎಂದರು ಮಾವ. ಗಿರಣಿಯಲ್ಲಿ ಹತ್ತಿ ಎಂದೂ ದಪ್ಪದಿಂದ ಸಣ್ಣಕ್ಕೇ ಹೋಗುವುದು, ಸಣ್ಣದು ದಪ್ಪ ಆಗುವುದಿಲ್ಲ. ಹಾಗಾದರೆ ಪುಸ್ತಕ ಶುರುವಾಗುವುದು ನಾವು ಕೊನೆ ಅಂದುಕೊಂಡ ಕಡೆಯಿಂದ. ತಿರುಗಿಸಿ ನೋಡಿದರೆ ಕಥೆ ಸರಿಯಾಗಿಯೇ ಓಡಿತು!

ಆ ಅಂಕಿ ಶಕ್ತಿಯದು ಎಂದು ನನಗೆ ಎರಡೇ ನಿಮಿಷದಲ್ಲಿ ಹೊಳೆಯಿತು. ಹುಡುಗ ಗೆದ್ದಾಗಲೆಲ್ಲ ಏರುತ್ತಿತ್ತು. ಆದರೂ ಸುಮ್ಮನಿದ್ದೆ. ನನ್ನ ಮಗಳು ಮಲ್ಲಿಗಾ, ಐದು ವರ್ಷದವಳು, ಒಂದು ಕಡೆ ಕೂರದವಳು, ಅಂದು ತಾತನ ಮಡಿಲಲ್ಲಿ ಒಂದು ಗಂಟೆ ಅಲ್ಲಾಡದೆ ಕೂತಿದ್ದಳು. ನಾನು ಬಾಯಿ ತೆರೆದಿದ್ದರೆ! ಈಗಲೂ ಅದನ್ನೇ ಅಂದುಕೊಳ್ಳುತ್ತೇನೆ.

"ನೋಡು ಕಣ್ಣು," ಮಾವ ಮಗುವನ್ನು ಮುದ್ದಿನಿಂದ ಹಾಗೆ ಕರೆದು ಬೆರಳಿಟ್ಟು ತೋರಿಸುತ್ತಿದ್ದರು, "ಇವ್ನು ಇಪ್ಪತ್ತು. ಗೋಣಿದಾರ. ಬರೀ ಮೈ. ಈ ಹುಡುಗ ಏಟು ತಿಂದು ತಿಂದು ಸಣ್ಣ ಆಯ್ತಾನೆ. ನೂರು! ಉಂಗುರದಾಗೆ ತೂರ್ತಾನೆ. ಅವ್ನ ಯಾರ್ ಹಿಡಿಯಾದು?"

"ನಾನು ಎಷ್ಟು ತಾತಾ?"

"ನೀನು ಅರವತ್ತು ಇರ್ತೀಯ."

ಅದಾಗಿ ಹತ್ತು ದಿನಕ್ಕೆ ಗೋಡೆಯ ಮೇಲೆ ಇರುವೆ ಸಾಲು ಕಂಡಿತು. ಹಿಂಬಾಲಿಸಿ ಹೋದೆ. ಹಳೆಯ ಬಾಬಿನ್ ತುಂಬಿದ ಡಬ್ಬದೊಳಗೆ ಇಡ್ಲಿ. ಒಂದಲ್ಲ, ಏಳು. ಕೆಲವು ಕಲ್ಲಾಗಿದ್ದವು. ಮಲ್ಲಿಗಾಳ ತಟ್ಟೆಗೆ ನಾನೇ ಹಾಕಿದ್ದವು. ಮೊದಲೇ ಸಣ್ಣ ಮಗು. ಹೋದ ತಿಂಗಳು ತೂಗಿದಾಗ ಡಾಕ್ಟರು ಹುಬ್ಬೇರಿಸಿದ್ದರು. ಅಂದಿನಿಂದ ಅವಳ ಕೈಗೆ ಬಳೆ ತೊಡಿಸುವಾಗೆಲ್ಲ ಮಣಿಕಟ್ಟು ಸವರಿ ನೋಡುವುದೇ ನನ್ನ ಕೆಲಸವಾಗಿತ್ತು.

"ಯಾಕೆ ಬಚ್ಚಿಟ್ಟೆ?"

"ತಿಂದ್ರೆ ಇಪ್ಪತ್ತಾಯ್ತೀನಿ. ನಂಗೆ ನೂರು ಬೇಕು."

ಮಾವ ಶಿಫ್ಟು ಮುಗಿಸಿ ಬಂದು ಚಪ್ಪಲಿ ಬಿಡುವಷ್ಟರಲ್ಲಿ ನಾನು ಎದುರು ನಿಂತಿದ್ದೆ. "ಆ ನಂಬರ್ ನೂಲಿಂದಲ್ಲ ಮಾವ, ಶಕ್ತಿದು. ತಪ್ಪು ಹೇಳಿಕೊಟ್ಟೆ ಅಂತ ನೀವೇ ಹೇಳಿ ಅವಳಿಗೆ."

ಅವರು ಡಬ್ಬದಿಂದ ಒಂದು ಇಡ್ಲಿ ತೆಗೆದು ಹೆಬ್ಬೆರಳಲ್ಲಿ ಒತ್ತಿ ನೋಡಿದರು. "ಗಿರಣೀಲಿ ಇಷ್ಟು ವರ್ಷ ಒಂದು ನಂಬರ್ ತಪ್ಪಿಲ್ಲ ಅಮ್ಮಣಿ," ಎಂದಷ್ಟೇ ಹೇಳಿ, ಅಲ್ಲೇ ಮಗುವನ್ನು ಕರೆದು ತಪ್ಪೊಪ್ಪಿಕೊಂಡರು. ಮಲ್ಲಿಗಾ ನಕ್ಕಳು. "ಸುಳ್ಳು! ಗುಂಡ ಇಪ್ಪತ್ತು ಸೋತ. ಸಣ್ಣವ್ನು ಗೆದ್ದ. ನಾನೇ ನೋಡೀನಿ." ಚಿತ್ರ ಅವಳ ಕಡೆಗಿತ್ತು.

ಎರಡು ದಿನ ಅವಳು ಹಾಲು ಬಿಟ್ಟು ಏನೂ ಮುಟ್ಟಲಿಲ್ಲ. ನಾನು ಬೇಡಿದೆ, ಬೈದೆ, ಒಮ್ಮೆ ಹೊಡೆದೂ ಬಿಟ್ಟೆ, ಹೊಡೆದು ನಾನೇ ಅತ್ತೆ. ನನ್ನವರು "ಹಸಿವಾದರೆ ತಾನೇ ತಿಂತಾಳೆ" ಎಂದು ತಿರುಪ್ಪೂರಿನ ಬಸ್ಸು ಹತ್ತಿದರು. ಅವರಿಗೇನು!

ಮೂರನೆಯ ಸಂಜೆ ಮಾವ ಅಂಗಿ ಜೇಬಿನಿಂದ ಕಾಗದಕ್ಕೆ ಸುತ್ತಿದ್ದ ನೂಲು ತೆಗೆದರು. "ಇದು ನೂರು. ಎಳೆದು ನೋಡು ಕಣ್ಣು."

ಮಗು ಎಳೆದಳು. ಪಟ್ಟನೆ ತುಂಡಾಯಿತು. ಅವಳ ಮುಖ ಚಿಕ್ಕದಾಯಿತು.

ಮಾವ ಎರಡೆಳೆ ತೆಗೆದು, ತೊಡೆಯ ಮೇಲಿಟ್ಟು ಅಂಗೈಯಿಂದ ಹೊಸೆದು ಕೊಟ್ಟರು. "ಈಗ ಎಳಿ."

ಎಳೆದಳು. ಬೆರಳು ಕೆಂಪಗಾಯಿತೇ ಹೊರತು ನೂಲು ಹರಿಯಲಿಲ್ಲ.

"ಒಂಟಿ ಎಳೆ ಜಗಳಕ್ಕೆ ಆಗಾದಿಲ್ಲ." ಮಾವ ಪುಸ್ತಕ ತೆರೆದು ಹುಡುಗನ ಮೇಲೆ ಬೆರಳಿಟ್ಟರು. " ಇವ್ನು ಎರಡೆಳೆ ನೂರು. ಬರೆಯೋನು ಮರ್ತವ್ನೆ." ಪೆನ್ಸಿಲಿನಿಂದ, ಗಿರಣಿಯ ಚೀಟಿಗೆ ಬರೆಯುವ ಹಾಗೆಯೇ, ಹುಡುಗನ ತಲೆಯ ಮೇಲಿನ ನೂರರ ಎಡಗಡೆ 2/ ಎಂದು ಬರೆದರು. "ನಂಬರ್ ಅದೇ ನೂರು. ಆದ್ರೆ ಎರಡರಷ್ಟು."

ಮಲ್ಲಿಗಾ ಹೊಸೆದ ನೂಲನ್ನು ಬೆರಳಿಗೆ ಸುತ್ತಿಕೊಂಡಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ.

"ನನ್ನ ಇನ್ನೊಂದೆಳೆ ಯಾರು?"

"ನಾನೇ," ಎಂದರು ಮಾವ.

"ಹಂಗಾದ್ರೆ ನೀನೂ ಕೂತ್ಕೊ. ನಾನೊಂದು ತಿಂದ್ರೆ ನೀನೊಂದು. ಇಲ್ಲಾಂದ್ರೆ ಬಿಚ್ಕಂಡೋಯ್ತದೆ."

ಕಾವಲಿ ಒಲೆಗಿಟ್ಟೆ. ಅವಸರದಲ್ಲಿ ಮೊದಲ ದೋಸೆ ಕಿತ್ತುಹೋಯಿತು. ಅದನ್ನೂ ತಿಂದಳು. ಮಾವ ಇಪ್ಪತ್ತು ವರ್ಷದಿಂದ ಸಂಜೆ ಎರಡೇ ದೋಸೆ ತಿನ್ನುವ ಮನುಷ್ಯ. ಮಗು ಮೂರನೆಯದಕ್ಕೆ ತಟ್ಟೆ ಒಡ್ಡಿದಳು. ಅವರೂ ಒಡ್ಡಿದರು. ನಾಲ್ಕನೆಯದು ಅರ್ಧಕ್ಕೆ ಬಂದಾಗ ಅವರ ಹಣೆಯಲ್ಲಿ ಬೆವರು. "ಸಾಕಾ ಮಾವ?" ಎಂದೆ ಮೆಲ್ಲಗೆ. "ಶ್," ಎಂದು ಕಣ್ಣಲ್ಲೇ ಗದರಿ, ತುತ್ತು ಮುರಿದರು.

"ಇನ್ನೊಂದು!" ಎಂದಳು ಮಲ್ಲಿಗಾ.

ಪಾತ್ರೆ ಕೆರೆದೆ. ಹಿಟ್ಟು ಮುಗಿದಿತ್ತು. ತಡವಾದರೆ ಮನಸ್ಸು ಬದಲಾಯಿಸಿಬಿಟ್ಟಾಳೆಂದು ಒಲೆ ಆರಿಸದೆ, ಚಪ್ಪಲಿ ಮೆಟ್ಟದೆ ಪಕ್ಕದ ಕಾಮಾಕ್ಷಿಯಮ್ಮನ ಮನೆಗೆ ಹಿಟ್ಟು ಕೇಳಲು ಓಡಿದೆ.

"ಯಾರ್ ಬಂದವ್ರೆ, ವಿರುಂದು ಊಟವಾ?" ಎಂದು ಅವರು ನಿಧಾನವಾಗಿ ಸೌಟು ಹುಡುಕತೊಡಗಿದರು. ನೆಂಟರೂಟವೆಂದುಕೊಂಡಿದ್ದರು.

"ಆಮೇಲೆ ಹೇಳ್ತೀನಿ ಅಕ್ಕಾ," ಎಂದೆ, "ಈಗ ಹಿಟ್ಟಿನ ಪಾತ್ರೇನೇ ಕೊಡಿ."