ಮೂರ್ತಪ್ಪನ ರೇಡಿಯೊ ಪುರಾಣ

ಹೊಳಲ್ಕೆರೆಯ ಸೊಸೈಟಿ ಗುಮಾಸ್ತ ಮೂರ್ತಪ್ಪ ಎಪ್ಪತ್ನಾಲ್ಕನೆಯ ಇಸವಿಯಲ್ಲಿ ಚಿತ್ರದುರ್ಗಕ್ಕೆ ಹೋದವನು ಒಂದು ರೇಡಿಯೊ ರಿಪೇರಿ ಪುಸ್ತಕ ಕೊಂಡುತಂದ. ಸುಮ್ಮನೆ ಒಬ್ಬನೇ ಓದಿಕೊಂಡಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಅವನ ಅಪ್ಪ ಗುಡಿಯಲ್ಲಿ ಪುರಾಣ ಓದುತ್ತಿದ್ದವರು. ಮಗನಿಗೆ ಓದು ಅಂದರೆ ಅದೊಂದೇ ಬಗೆ ಗೊತ್ತಿತ್ತು.

ಹೀಗೆ ಶನಿವಾರ ಸಂಜೆ ಅವನ ಪಡಸಾಲೆಯಲ್ಲಿ ಓದುಕೂಟ ಶುರುವಾಯಿತು. ಅಪ್ಪನ ವ್ಯಾಸಪೀಠದ ಮೇಲೆ ರೇಡಿಯೊ ಪುಸ್ತಕ, ಅದಕ್ಕೆರಡು ಕಣಗಿಲೆ ಹೂವು. ಮೂರ್ತಪ್ಪ ರಾಗವಾಗಿ ಓದುವನು. ಸೈಕಲ್ ಶಾಪಿನ ಕಾಟಲಿಂಗಪ್ಪ ಅರ್ಥ ಹೇಳುವನು.

"ಕಂಡೆನ್ಸರ್ ಅಂದ್ರೆ ನಮ್ಮನೆ ಗುಡಾಣ ಇದ್ದಂಗೆ ಕಣ್ರಪ್ಪ. ಕರೆಂಟ್ ತುಂಬ್ಕಂತೈತೆ, ಬೇಕಾದಾಗ ಬಿಡ್ತೈತೆ."

ಕೂತವರು ತಲೆದೂಗುವರು. ಕೂಟದ ನಿಯಮ ಒಂದೇ: ವಾರಕ್ಕೊಂದು ಅಧ್ಯಾಯ, ಯಾವುದನ್ನೂ ಹಾರಿಸುವಂತಿಲ್ಲ.

ಮೊದಲನೆಯ ಅಧ್ಯಾಯವೇ ರೇಡಿಯೊ ಬಿಚ್ಚುವುದು. ಬಿಚ್ಚಲು ಸಿಕ್ಕಿದ್ದು ಹೆಂಡತಿ ಚಂದ್ರಕ್ಕನ ರೇಡಿಯೊ. ಅದಕ್ಕೇನೂ ಆಗಿರಲಿಲ್ಲ, ಪಾಪ. ಹಿರಿಯೂರಿನ ಅಣ್ಣ ಚಿತ್ರಲಿಂಗಪ್ಪ ತಂಗಿಗೆಂದು ಆಸೆಪಟ್ಟು ಕೊಡಿಸಿದ್ದು. ಬಿಚ್ಚಿದ್ದಾಯಿತು, ಮೊರದಲ್ಲಿ ಹರಡಿದ್ದಾಯಿತು. ಮತ್ತೆ ಜೋಡಿಸುವುದು ಕೊನೆಯ ಅಧ್ಯಾಯದಲ್ಲಿತ್ತು.

ವಾರಗಳು ಉರುಳಿದವು. ಚಂದ್ರಕ್ಕ ಮೊರಕ್ಕೆ ಹಳೇ ಪಂಚೆ ಮುಚ್ಚಿ, ಗಂಡನನ್ನು ನೋಡಿದಾಗೆಲ್ಲ ಹಲ್ಲು ಕಡಿಯುತ್ತಿದ್ದಳು. ಒಂದು ಶನಿವಾರ ಕೂಟದ ನಡುವೆಯೇ ಬಂದು ನಿಂತಳು.

"ನಾಳೆ ಬೆಳಿಗ್ಗೆ ಅಣ್ಣ ಬರ್ತಾನಂತೆ. ರೇಡಿಯೊ ಎಲ್ಲೈತೆ ಅಂದ್ರೆ ಮೊರ ತೋರಿಸ್ಲೇನ್ರಿ?"

ಮೂರ್ತಪ್ಪ ಗಡಬಡಿಸಿ ಪುಸ್ತಕದ ಉಳಿದ ಹಾಳೆ ತಿರುವಿದ. ಭಾವನ ಮುಂದೆ ಮಾನ ಹೋಗುವುದು ಖಂಡಿತ. "ಇನ್ನೂ ಆರು ಅಧ್ಯಾಯ ಅವೆ ಕಣೇ. ಹಾರಿಸಿ ಓದಿದ್ರೆ ಗ್ರಂಥಕ್ಕೆ ಅಪಚಾರ," ಎಂದು ತೊದಲಿದ.

"ಮಳೆ ಹೋದಾಗ ನಿಮ್ಮಪ್ಪಾರು ಗುಡಿಯಾಗೆ ಮೊದ್ಲಿಂದ ಓದ್ತಿದ್ರಾ? ಮುಂಚಿಂದೆಲ್ಲ ಬಿಟ್ಟು ಮಳೆ ತರಿಸೋ ಪರ್ವಕ್ಕೇ ಹೋಗ್ತಿರ್ಲಿಲ್ವಾ? ದೇವರೇನು ಸಿಟ್ಟಾದ್ನಾ?"

ಎಲ್ಲಕ್ಕೂ ಅರ್ಥ ಹೇಳುವ ಕಾಟಲಿಂಗಪ್ಪ ಮೂಗು ತುರಿಸಿಕೊಂಡ. "ಚಂದ್ರಕ್ಕ ಹೇಳೋದು ಸರಿ ಐತೆ. ಕಡೇ ಅಧ್ಯಾಯ ತೆಗೀರಿ."

ಮೂರ್ತಪ್ಪ ರಾಗ ಮರೆತು ಓದಿದ. ಒಂದು ಸಾಲು ಓದುವುದು, ಒಂದು ತಂತಿ ಬೆಸೆಯುವುದು. ಕೊನೆಗೆ ಗುಂಡಿ ತಿರುಗಿಸಿದರೆ ರೇಡಿಯೊ ಕೆಮ್ಮಿ, ಗೊರಗೊರ ಎಂದು, ವಾರ್ತೆ ಹೇಳಿತು! ಚಂದ್ರಕ್ಕನ ಕಣ್ಣು ತುಂಬಿಬಂತು. ಮಿಕ್ಕ ಎರಡು ಸ್ಕ್ರೂಗಳನ್ನು ಕಾಟಲಿಂಗಪ್ಪ ಮೆಲ್ಲಗೆ ಜೇಬಿಗಿಳಿಸಿದ. ಕಡೆಯ ಅಧ್ಯಾಯವಾದ ಮೇಲೆ ಮಂಗಳ ಹಾಡಲೇಬೇಕಲ್ಲ. ಹಾಡಿ ಮಂಡಕ್ಕಿ ಹಂಚಿದರು. ಮಂಗಳವಾದ ಮರುದಿನವೇ ಗ್ರಂಥವನ್ನು ಮತ್ತೆ ಮೊದಲಿನಿಂದ ಹಿಡಿಯುವುದು ಅಪ್ಪನ ಪದ್ಧತಿಯಾಗಿತ್ತು. ಹಾಗೇ ಆಗಲಿ ಎಂದರು.

ಭಾನುವಾರ ಚಿತ್ರಲಿಂಗಪ್ಪ ಬಂದಾಗ ರೇಡಿಯೊ ಹಾಡುತ್ತಿತ್ತು, ಕೂಟವೂ ನೆರೆದಿತ್ತು. ತಾನು ಕೊಡಿಸಿದ್ದು ಹಾಡುವುದನ್ನು ಕೇಳಿ ಅವನ ಮುಖ ಅರಳಿತು.

"ರೇಡಿಯೊ ವಿದ್ಯೆ ಕಲ್ತಿದೀರಂತಲ್ಲ ಭಾವ," ಎಂದು ಚೀಲಕ್ಕೆ ಕೈಹಾಕಿದ. "ನಮ್ಮನೇದು ಒಂಚೂರು ಗೊರಗುಟ್ತೈತೆ, ತಂದೀನಿ."

ಕೂಟದ ಕಣ್ಣೆಲ್ಲ ಚೀಲದ ಮೇಲೆ. ಮೂರ್ತಪ್ಪನ ಕೈ ಆಗಲೇ ಸ್ಕ್ರೂಡ್ರೈವರ್ ಹುಡುಕುತ್ತಿತ್ತು.

ಚಂದ್ರಕ್ಕ ಅಡುಗೆಮನೆಯಿಂದ ಓಡಿಬಂದಳು. "ಅದನ್ನ ಚೀಲದಾಗೇ ಇಡಣ್ಣ! ಇವರು ಇವತ್ತು ಮೊದಲ್ನೇ ಅಧ್ಯಾಯದಾಗವ್ರೆ."