ರಾಚವ್ವನ ಕೌದಿಗೆ ಒಂದು ಮೂಲೆ ಬಾಕಿ

ಪಾಳಿಗೆ ಕರೆಯುವ ಗಿರಣಿಯ ಮೊದಲ ಭೋಂಗಾ ಇನ್ನೂ ಕೂಗಿಲ್ಲ. ಪರೇಲಿನ ಈ ಚಾಳಿನ ಎರಡನೆಯ ಮಾಳಿಗೆಯ ಗ್ಯಾಲರಿಯಲ್ಲಿ ರಾಚವ್ವ ಆಗಲೇ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕುಳಿತಿದ್ದಾಳೆ. ತೊಡೆಯ ಮೇಲೆ ಕೌದಿ, ಹಲ್ಲಿನ ನಡುವೆ ದಾರ, ಬೆರಳಲ್ಲಿ ಸೂಜಿ. ಕೆಳಗೆ ನಲ್ಲಿಯ ಮುಂದೆ ಕೊಡಗಳ ಸಾಲು ಬೆಳೆಯುತ್ತಿದೆ, ಹೆಂಗಸರ ಜಗಳವೂ ಶುರುವಾಗಿದೆ. ಬೇರೆ ದಿನವಾಗಿದ್ದರೆ ಅದರಲ್ಲಿ ರಾಚವ್ವನ ದನಿಯೇ ಎಲ್ಲಕ್ಕಿಂತ ಮೇಲೆ ಕೇಳುತ್ತಿತ್ತು. ಇವತ್ತು ಆಕೆಗೆ ನೀರಿನ ಧ್ಯಾನವೇ ಇಲ್ಲ. ಸೂಜಿ ಹಿಡಿದ ಕೈ ಎತ್ತಿದಲ್ಲೇ ನಿಂತಿದೆ.

ಹರಿದ ಸೀರೆ, ಧೋತರ, ಅಂಗಿಗಳನ್ನು ಪದರ ಪದರವಾಗಿ ಹಾಸಿ ಹೊಲಿದ ಹೊದಿಕೆಗೆ ವಿಜಾಪುರದ ಕಡೆ ಕೌದಿ ಎನ್ನುತ್ತಾರೆ. ಕೌದಿ ಮುಗಿಯುವಾಗ ಒಂದು ಮೂಲೆಯನ್ನು ಹೊಲಿಯದೆ ಬಿಡುವುದು ರಾಚವ್ವನ ತವರಿನ ಪದ್ಧತಿ. ಯಾರ ಮನೆಯ ಕೌದಿಯೋ ಆ ಮನೆಯ ಹೆಣ್ಣುಮಗಳು ಬಂದು ಆ ಮೂಲೆಯೊಳಗೆ ರೊಟ್ಟಿಯ ಚೂರು, ಬೆಲ್ಲದ ಹರಳು ಇಡಬೇಕು. ಅದಕ್ಕೆ ಉಡಿ ತುಂಬುವುದು ಎಂದು ಹೆಸರು. ಕೊನೆಯ ಹೊಲಿಗೆ ಬೀಳುವುದು ಆಮೇಲೆ. "ಹಸದ ಕೌದಿ ಹೊಚಗೊಂಡ್ರ ನಿದ್ದಿ ಹತ್ತೂದಿಲ್ರಿ" ಎನ್ನುತ್ತಾಳೆ ರಾಚವ್ವ.

ಈ ಕೌದಿಯ ಮೂಲೆಯೂ ಬಾಯಿ ತೆರೆದುಕೊಂಡು ಕಾಯುತ್ತಿದೆ. ಉಡಿ ತುಂಬಬೇಕಾದ ರಂಭಾಬೇನ್ ಘಾಟ್ಕೋಪರದಿಂದ ಇವತ್ತು ಬೆಳಿಗ್ಗೆಯೇ ಬರುತ್ತಾರೆ. ತೊಂದರೆ ಏನೆಂದರೆ, ರಂಭಾಬೇನ್ ಕೌದಿಯನ್ನು ಕೇಳಿಯೇ ಇಲ್ಲ. ಅವರು ಕೇಳಿದ್ದು ಮಗಳ ಮದುವೆಗೆ ಬಾಗಿಲಿಗೆ ಕಟ್ಟುವ ತೋರಣ. ತಮ್ಮ ತೀರಿಹೋದ ತಾಯಿಯ ಮದುವೆಯ ಘಾಘರಾದಿಂದ, ಅಂದರೆ ಆ ಕಾಲದ ಕಸೂತಿ ಲಂಗದಿಂದ, ಆ ತೋರಣ ಆಗಬೇಕಿತ್ತು. ಆ ಘಾಘರಾ ಈಗ ಅಂಗೈಯಗಲದ ತುಂಡುಗಳಾಗಿ ರಾಚವ್ವನ ತೊಡೆಯ ಮೇಲಿದೆ.

"ಕತ್ತರಿ ಹಾಕೂವಾಗ ಗೊತ್ತಿದ್ದಿಲ್ರಿ. ಮಂದಿ ಅವ್ವನ ಅರಿವಿಗೆ ಕತ್ತರಿ ಹಾಕೀನಿ ನಾನು," ಎನ್ನುತ್ತಾಳೆ.

ವಿಜಾಪುರ ಕಡೆಯ ಇಂಡಿ ಊರಿನ ಹತ್ತಿರದ ಹಳ್ಳಿಯೊಂದರಿಂದ ರಾಚವ್ವ ಗಂಡನ ಬೆನ್ನು ಹಿಡಿದು ಮುಂಬಯಿಗೆ ಬಂದವಳು. ಗಂಡ ಗದಿಗೆಪ್ಪ ಗಿರಣಿಯಲ್ಲಿ ಮಗ್ಗ ನೋಡಿಕೊಳ್ಳುತ್ತಾನೆ. ಬಂದ ಹೊಸತರಲ್ಲಿ ಆಕೆಗೆ ಸಮುದ್ರವಾಗಲಿ, ಟ್ರಾಮ್ ಆಗಲಿ ಸೋಜಿಗ ಅನ್ನಿಸಲಿಲ್ಲ. ಸೋಜಿಗ ಅನ್ನಿಸಿದ್ದು ಕಸದ ಡಬ್ಬಿ. "ಈ ಊರಾಗ ಏನೇನ ಒಗೀತಾರಂತೀರಿ! ನಮ್ಮೂರಾಗ ಒಗಿಯಾಕ ಏನೂ ಇರತಿದ್ದಿಲ್ಲ," ಎಂದು ಇವತ್ತಿಗೂ ಬೆರಗಾಗುತ್ತಾಳೆ. ಗದಿಗೆಪ್ಪ ಟೈಫಾಯ್ಡ್ ಬಂದು ಹಾಸಿಗೆ ಹಿಡಿದ ವರ್ಷ ಆ ಬೆರಗೇ ಅವರ ಅನ್ನವಾಯಿತು. ಒಡೆದ ಗಾಜಿನ ಬಳೆಗಳನ್ನು ದೀಪದ ಉರಿಗೆ ಹಿಡಿದು ಬಗ್ಗಿಸಿ, ಒಂದರೊಳಗೊಂದು ಕೊಂಡಿ ಹಾಕಿ, ಬಾಗಿಲ ಮಾಲೆ ಮಾಡಿದಳು. ಸುಟ್ಟುಹೋದ ಬಲ್ಬಿಗೆ ಹಸಿರು ಬಟ್ಟೆ ಸುತ್ತಿ, ಕೊಕ್ಕು ಹೊಲಿದರೆ ಗಿಣಿ. ಸೀಳುಬಿಟ್ಟ ಗ್ರಾಮೋಫೋನ್ ತಟ್ಟೆಯನ್ನು ಬಿಸಿನೀರಿನಲ್ಲಿ ಮೆತ್ತಗಾಗಿಸಿ ಅಂಚು ಮಡಚಿದರೆ ಹಣ್ಣಿಡುವ ಬುಟ್ಟಿ. ಛತ್ರಿಯ ಬಟ್ಟೆ ಸಂತೆಯ ಚೀಲವಾಗುತ್ತದೆ, ಹೋಟೆಲಿನ ತುಪ್ಪದ ಡಬ್ಬಿ ತುಳಸಿಯ ಕುಂಡವಾಗುತ್ತದೆ.

ಗದಿಗೆಪ್ಪ ಎದ್ದು ಓಡಾಡತೊಡಗಿದ ಮೇಲೂ ರಾಚವ್ವನ ಕೈ ನಿಲ್ಲಲಿಲ್ಲ. ಒಂದೇ ಖೋಲಿಯ ಸಂಸಾರ. ಮಂಚದ ಕೆಳಗೆ ಬಳೆಚೂರು, ಅಟ್ಟದ ಮೇಲೆ ಬಲ್ಬು, ಗ್ಯಾಲರಿಯ ತುಂಬ ಅರಿವೆ. ಚಾಳಿನ ಮಾಲೀಕನ ಗುಮಾಸ್ತ ಬಂದಾಗಲೆಲ್ಲ ಬೈದು ಹೋಗುತ್ತಾನೆ. ನೆರೆಯವರು ಬೆನ್ನ ಹಿಂದೆ ಚಿಂದಿ ರಾಚವ್ವ ಎನ್ನುತ್ತಾರೆ. ಎದುರಿಗೆ ಬಂದಾಗ ಹರಿದ ಚಾದರವನ್ನೂ ಕೊಟ್ಟು ಹೋಗುತ್ತಾರೆ. ಆಕೆ ಒಂದು ದಾರದ ತುಂಡನ್ನೂ ಎಸೆದವಳಲ್ಲ. ಈ ಘಾಘರಾದ ಅಂಚಿನ ಕಸೂತಿ ತೀರ ದಪ್ಪವಾಗಿ ಸೂಜಿ ಇಳಿಯದಾದಾಗ, ಅಂಚನ್ನು ಸುತ್ತಿ ತಗಡಿನ ಡಬ್ಬಿಯೊಳಗೆ ಹಾಕಿಟ್ಟಿದ್ದಾಳೆ.

ತಪ್ಪು ಹೇಗಾಯಿತು ಎಂಬುದು ಮಾತ್ರ ಚಾಳಿನಲ್ಲಿ ಯಾರ ತಲೆಗೂ ಹೋಗುತ್ತಿಲ್ಲ. ಘಾಟ್ಕೋಪರದಲ್ಲಿ ಬೆಳಗಾವಿಯ ವ್ಯಾಪಾರಿ ಚನ್ನಬಸಯ್ಯನವರ ಬಾಗಿಲಿಗೆ ರಾಚವ್ವ ಮಾಡಿದ ಗಿಣಿಗಳ ಮಾಲೆ ಕಟ್ಟಿದ್ದಾರೆ. ಅದನ್ನು ನೋಡಿ, ಪಕ್ಕದ ಮನೆಯ ಗುಜರಾತಿ ಹೆಂಗಸು ರಂಭಾಬೇನ್ ವಿಳಾಸ ಕೇಳಿಕೊಂಡು ಲೋಕಲ್ ಹತ್ತಿ ಬಂದಿದ್ದರು. ರಾಚವ್ವನಿಗೆ ಹಿಂದಿ ಬರುವುದಿಲ್ಲ. ಪಕ್ಕದ ಖೋಲಿಯ ವಸಂತಿಯನ್ನು ಕರೆದಳು. ವಸಂತಿ ಉಡುಪಿಯ ಕಡೆಯವಳು, ಗಂಡ ಸೀನ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದಾನೆ. ಹಿಂದಿ ತನಗೆ ಬರುತ್ತದೆಂದು ವಸಂತಿಯ ನಂಬಿಕೆ. ಚಾಳಿನವರದೂ ಅದೇ ನಂಬಿಕೆ, ಯಾಕೆಂದರೆ ಉಳಿದ ಹೆಂಗಸರಿಗೆ ಅಷ್ಟೂ ಬರುವುದಿಲ್ಲ.

ರಂಭಾಬೇನ್ ಗಂಟು ಬಿಚ್ಚಿ, ಘಾಘರಾ ತೋರಿಸಿ, ಗುಜರಾತಿ ಬೆರೆತ ಹಿಂದಿಯಲ್ಲಿ ಏನೇನೋ ಹೇಳಿದರು. ಅದರಲ್ಲಿ ಇಬ್ಬರಿಗೂ ಸ್ಪಷ್ಟವಾಗಿ ಕೇಳಿದ್ದು ಒಂದೇ ಮಾತು: ಕೌದಿ.

"ಕೌದಿ ಬೇಕಂತೆ ರಾಚಕ್ಕ. ನಿಮ್ಮ ಊರಿನ ಮಾತೇ ಅವರಿಗೆ ಗೊತ್ತುಂಟು ನೋಡಿ," ಎಂದಳು ವಸಂತಿ.

ರಾಚವ್ವನಿಗೆ ಆ ಗಳಿಗೆಯಲ್ಲಿ ಆದ ಸಂತೋಷ ಇಷ್ಟಿಷ್ಟಲ್ಲ. ಹತ್ತು ಭಾಷೆಯ ಈ ಊರಿನಲ್ಲಿ, ಮರಾಠಿಯವರದೋ ಗುಜರಾತಿಯವರದೋ ಎಂದು ಮುಂಬಯಿಯೇ ಹೊಡೆದಾಡುತ್ತಿರುವ ಈ ದಿನಗಳಲ್ಲಿ, ಸೇಠಾಣಿಯೊಬ್ಬಳು ಬಂದು ತನ್ನ ತವರಿನ ಮಾತನ್ನು ಆಡಿದಳಲ್ಲ! ಆಕೆ ಮತ್ತೇನೂ ಕೇಳಲಿಲ್ಲ. ಗಂಟಿನೊಳಗೆ ಒಂದು ಸಣ್ಣ ಚೀಲ, ಚೀಲದೊಳಗೆ ಕವಡೆಗಳು. ಅದನ್ನು ಕಂಡಾಗ ರಾಚವ್ವ ಕೊಂಚ ಗೊಂದಲಕ್ಕೆ ಬಿದ್ದದ್ದು ನಿಜ. ಆದರೆ ಆಕೆಯ ಕಡೆ ಕವಡೆ ಎಂದರೆ ಎಲ್ಲಮ್ಮ. ಆ ದೇವಿಯ ಜೋಗಮ್ಮಂದಿರ ಕೊರಳಲ್ಲಿರುವುದು ಅದೇ ಸರ. "ಗುಜರಾತಿ ಮಂದಿ ಮನ್ಯಾಗೂ ಎಲ್ಲಮ್ಮ ಅದಾಳ ಅಂತ ತಿಳಕೊಂಡೆರಿ. ಆಕಿ ಎಲ್ಲಿಲ್ಲ?" ಕವಡೆಗಳನ್ನು ಗೋಡೆಯೊಳಗಿನ ದೇವರ ಮಾಡದಲ್ಲಿಟ್ಟು, ಅರಿಷಿಣ ಕುಂಕುಮ ಹಚ್ಚಿ, ಕೈ ಮುಗಿದು, ಕತ್ತರಿ ಹಿಡಿದಳು. ಗಂಟು ಕಟ್ಟಿ ತಂದಿದ್ದ ಸೀರೆಯನ್ನೂ ಬಿಡದೆ ಒಳಪದರಕ್ಕೆ ಹಾಕಿಬಿಟ್ಟಳು.

ನಿನ್ನೆ ಪರೇಲಿಗೆ ಬಂದಿದ್ದ ಚನ್ನಬಸಯ್ಯನವರು ಸುಮ್ಮನೆ ಮೆಟ್ಟಿಲ ಮೇಲಿಂದಲೇ ಕೇಳಿದರು: "ಏನವ್ವಾ, ರಂಭಾಬೇನರ ಬಾಗಲ ತೋರಣ ಆತೇನು? ನಾಳೆ ಮುಂಜಾನೆ ಮಗಳನ್ನ ಕರಕೊಂಡು ಬರತಾರಂತ. ಅವರವ್ವನ ಲಂಗ ಅದು, ಜೀವಾ ಇಟಗೊಂಡಾರ." ಅಷ್ಟು ಹೇಳಿ ಬೆಳಗಾವಿಯ ಗಾಡಿಗೆ ಹೊತ್ತಾಯಿತೆಂದು ಹೊರಟೇಹೋದರು. ರಾಚವ್ವ ಕೌದಿಯನ್ನು ಹರವಿ ನೋಡಿದಳು. ಬಿಚ್ಚಿದರೆ ಚೂರು, ಬಿಚ್ಚದಿದ್ದರೆ ಕೌದಿ. ಗಂಡನನ್ನು ಕೇಳಿದಳು. ಗದಿಗೆಪ್ಪ ಯೋಚನೆ ಮಾಡಿ, "ಬಾಗಲಕ್ಕ ಕೌದೀನ ಕಟ್ಟಲಿ ಬಿಡು, ಥಂಡಿ ಗಾಳಿಯರ ತಡೀತೈತಿ" ಎಂದ. ಆಕೆ ಅವನ ಜೊತೆ ಇನ್ನೂ ಮಾತಾಡಿಲ್ಲ.

ಭೋಂಗಾ ಕೂಗಿ ಎಷ್ಟೋ ಹೊತ್ತಾದ ಮೇಲೆ ರಂಭಾಬೇನ್ ಮೆಟ್ಟಿಲು ಹತ್ತಿ ಬರುತ್ತಾರೆ. ಹಿಂದೆ ಮಗಳು ಹಂಸಾ. ಕೈಯೊರಸಿಕೊಳ್ಳುತ್ತ ವಸಂತಿಯೂ ಹಾಜರಾಗುತ್ತಾಳೆ. ಎರಡನೇ ಪಾಳಿಯ ಗದಿಗೆಪ್ಪ ಮನೆಯಲ್ಲೇ ಇದ್ದಾನೆ, ಇರಬಾರದಿತ್ತು ಎಂಬ ಮುಖದಲ್ಲಿ. ರಾಚವ್ವ ಕೌದಿಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿಯುತ್ತಾಳೆ. ರಂಭಾಬೇನ್ ಮೊದಲು ಅದನ್ನು ನೋಡುವುದೇ ಇಲ್ಲ. ತೋರಣ ಎಲ್ಲಿ ಎಂದು ಖೋಲಿಯೆಲ್ಲ ಕಣ್ಣಾಡಿಸುತ್ತಾರೆ. ಆಮೇಲೆ ಕೌದಿಯ ನಟ್ಟನಡುವೆ ಕನ್ನಡಿ ಕೂರಿಸಿದ ಒಂದು ಕೆಂಪು ತುಂಡು ಕಣ್ಣಿಗೆ ಬೀಳುತ್ತದೆ. ಅದರ ಮೇಲೆ ಬೆರಳಿಡುತ್ತಾರೆ. ಪಕ್ಕದ ತುಂಡು, ಅದರ ಪಕ್ಕದ ತುಂಡು. "ಯೇ ತೋ ಮೇರೀ ಬಾ ಕಾ ಹೈ," ಎನ್ನುತ್ತಾರೆ, ಇದು ನನ್ನ ತಾಯಿಯದು ಎಂದು.

"ತಪ್ಪಾಗೈತ್ರಿ ಬಾಯಿ. ನನ್ನ ಕೈಲೆ ಆಗಿದ್ದು. ನೀವು ಏನ ಅಂದ್ರೂ ಅನ್ನಿಸಿಕೊಂತೀನಿ," ಎನ್ನುತ್ತಾಳೆ ರಾಚವ್ವ. ಕಣ್ಣಲ್ಲಿ ನೀರು ನಿಂತಿದೆ, ಕೆಳಗೆ ಬೀಳುತ್ತಿಲ್ಲ.

ವಸಂತಿ ಅದನ್ನು ಹಿಂದಿಗೆ ಇಳಿಸುವುದರೊಳಗೆ ಹಂಸಾ ಕೌದಿಯನ್ನು ತೆಗೆದುಕೊಂಡು ಹೆಗಲ ಮೇಲೆ ಹೊದ್ದಿದ್ದಾಳೆ. ಹುಡುಗಿಗೆ ಅದು ಹಿಡಿಸಿದಂತೆ ಕಾಣುತ್ತದೆ. ಹೊಲಿಯದ ಮೂಲೆಯೊಳಗೆ ಬೆರಳು ತೂರಿಸಿ, ಇದೇನು ಎಂದು ಹುಬ್ಬು ಹಾರಿಸುತ್ತಾಳೆ. ಹೇಗಾದರೂ ಮಾಡಿ ಮಾತು ತಿರುಗಿಸಬೇಕೆಂದು ಕಾಯುತ್ತಿದ್ದ ವಸಂತಿ, ಹಂಸಾಳ ಕಡೆಗೆ ಬೆರಳು ತೋರಿಸಿ ಗಟ್ಟಿಯಾಗಿ ಹೇಳುತ್ತಾಳೆ: "ಇಸ್ಕಾ ಗೋದ್ ಭರ್ನಾ ಹೈ."

ಉಡಿ ತುಂಬುವುದಕ್ಕೆ ವಸಂತಿಗೆ ಸಿಕ್ಕ ಹಿಂದಿ ಅದು. ಆದರೆ ರಂಭಾಬೇನರ ಕಡೆ ಅದು ಬಸುರಿಗೆ ಮಾಡುವ ಸೀಮಂತ. ಬೆರಳು ತೋರಿಸುತ್ತಿರುವುದು ಇನ್ನೂ ಮದುವೆಯಾಗದ ಮಗಳ ಕಡೆಗೆ. ರಂಭಾಬೇನರ ಮುಖ ಕೆಂಪಾಗಿ, ಬಿಳಿಚಿ, ಮತ್ತೆ ಕೆಂಪಾಗುತ್ತದೆ. ಹಂಸಾ ಕೌದಿಯೊಳಗೆ ತಲೆ ಹುದುಗಿಸಿಕೊಳ್ಳುತ್ತಾಳೆ. ಗದಿಗೆಪ್ಪ, ಹಿಂದಿ ಅಷ್ಟಿಷ್ಟು ಬಲ್ಲವನು, ಖಾಲಿ ಕೊಡ ಎತ್ತಿಕೊಂಡು ಕೆಳಗಿಳಿದುಹೋಗುತ್ತಾನೆ.

ಏನಾಯಿತೆಂದು ರಾಚವ್ವನಿಗೆ ತಿಳಿಯುವುದಿಲ್ಲ. ತಿಳಿಯುವುದು ಇಷ್ಟೇ, ಮಾತಿನಿಂದ ಇನ್ನು ಆಗುವುದಿಲ್ಲ. "ವಸಂತಿ, ನೀ ಸುಮ್ನಿರು ನಮ್ಮವ್ವಾ" ಎಂದು, ಒಳಗಿನಿಂದ ರೊಟ್ಟಿಯ ಚೂರು, ಬೆಲ್ಲ ತರುತ್ತಾಳೆ. ಕೌದಿಯ ಮೂಲೆಯನ್ನು ತೆರೆದು ಹಿಡಿದು, ಮಗುವಿಗೆ ತುತ್ತು ಕೊಡುವಂತೆ ಕೈ ಮಾಡಿ ತೋರಿಸುತ್ತಾಳೆ. ರಂಭಾಬೇನ್ ನೋಡುತ್ತಾರೆ. ಕೌದಿಗೆ ಊಟ ಎಂಬುದು ಅವರಿಗೆ ಮೆಲ್ಲಗೆ ಅರ್ಥವಾಗುತ್ತದೆ, ಮುಖದ ಬಿಗಿ ಸಡಿಲುತ್ತದೆ. ರೊಟ್ಟಿಗೆ ಕೈ ಚಾಚುವಾಗ ದೇವರ ಮಾಡ ಕಾಣಿಸುತ್ತದೆ. ಕುಂಕುಮ ಮೆತ್ತಿಕೊಂಡು ಕವಡೆಗಳು ಅಲ್ಲಿ ಸಾಲಾಗಿ ಕುಳಿತಿವೆ.

"ಮೇರೀ ಕೌಡಿ!"

"ಕೌದಿ ಇಲ್ಲೈತಲ್ರಿ ಬಾಯಿ," ಎಂದು ರಾಚವ್ವ ಹಂಸಾಳ ಬೆನ್ನ ಮೇಲಿನ ಕೌದಿಯನ್ನು ತಟ್ಟುತ್ತಾಳೆ.

"ಕೌಡಿ, ಕೌಡಿ," ಎಂದು ಅವರು ಮಾಡದ ಕಡೆಗೆ ಕೈ ತೋರಿಸುತ್ತಾರೆ.

"ಹೌದ್ರಿ, ಕೌದಿ," ಎಂದು ಈಕೆ ಇನ್ನಷ್ಟು ಜೋರಾಗಿ ತಟ್ಟುತ್ತಾಳೆ.

ಮೊದಲು ನಕ್ಕದ್ದು ಹಂಸಾ. ಕವಡೆಗೆ ತಮ್ಮ ಮಾತಿನಲ್ಲಿ ಕೌಡಿ ಎನ್ನುತ್ತಾರೆಂದು ಆಕೆ ಒಂದನ್ನು ಕೈಗೆತ್ತಿಕೊಂಡು, ಹೊದ್ದ ಕೌದಿಯ ಪಕ್ಕದಲ್ಲಿ ಹಿಡಿದು ತೋರಿಸುತ್ತಾಳೆ. ವಸಂತಿ ಹಣೆ ಚಚ್ಚಿಕೊಳ್ಳುತ್ತಾಳೆ: "ಅಯ್ಯೋ ದೇವರೇ, ತೋರಣಕ್ಕೆ ಕವಡೆ ಹೊಲೀಲಿಕ್ಕೆ ಹೇಳಿದ್ದು ಮಾರಾಯ್ತಿ ಅವರು!" ರಂಭಾಬೇನ್ ನೆಲದ ಮೇಲೆ ಕುಳಿತು ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಾರೆ. ಹೆಗಲು ಕುಲುಕುತ್ತದೆ. ನಗುತ್ತಿದ್ದರೋ ಅಳುತ್ತಿದ್ದರೋ ರಾಚವ್ವನಿಗೆ ಈಗಲೂ ಗೊತ್ತಿಲ್ಲ, ಎರಡೂ ಇದ್ದಿರಬಹುದು. ಸೆರಗು ತೆಗೆದವರು ಮಗಳ ಹೆಗಲ ಮೇಲಿನ ಆ ಕೆಂಪು ತುಂಡನ್ನು ತುಂಬ ಹೊತ್ತು ಸವರುತ್ತಾರೆ. ಬಾಗಿಲ ಮೇಲಿದ್ದರೆ ಅದು ಹುಡುಗಿಯ ಜೊತೆ ಗಂಡನ ಮನೆಗೆ ಹೋಗುತ್ತಿರಲಿಲ್ಲ ಎಂದು ಅವರಿಗೆ ಹೊಳೆಯಿತೋ ಏನೋ. ಆ ಮೂಲೆಯೊಳಗೆ ರೊಟ್ಟಿ ಇಡುತ್ತಾರೆ, ಬೆಲ್ಲ ಇಡುತ್ತಾರೆ. ಆಮೇಲೆ ಮಗಳ ಕೈಯಲ್ಲಿದ್ದ ಕುಂಕುಮದ ಕವಡೆಯನ್ನೂ ತೆಗೆದು ಒಳಗೆ ತಳ್ಳುತ್ತಾರೆ.

ರಾಚವ್ವನ ಸೂಜಿ ಕೊನೆಗೂ ನಡೆಯುತ್ತದೆ. ಹೊಲಿಗೆ ಮುಗಿಸಿ, ದಾರ ಕಡಿದು, ತಗಡಿನ ಡಬ್ಬಿಯಿಂದ ಘಾಘರಾದ ಅಂಚನ್ನು ತೆಗೆದು ಬಿಚ್ಚಿ ಹಿಡಿಯುತ್ತಾಳೆ. ದೊಡ್ಡ ಬಾಗಿಲಿಗೆ ಅದು ಸಾಲದು. ದೇವರ ಕೋಣೆಯ ಬಾಗಿಲಿಗೆ ಸಾಕಾದೀತು. ರಂಭಾಬೇನ್ ತಲೆಯಾಡಿಸಿ, ಮಾಡದ ಕವಡೆಗಳನ್ನು ತೋರಿಸಿ, ಈ ಸಲ ಬಾಯಿ ಬಿಡದೆ ಹೊಲಿಯುವ ಅಭಿನಯ ಮಾಡುತ್ತಾರೆ. ಕೌದಿಯನ್ನು ವಸಂತಿ ಎತ್ತಿಕೊಡಲು ಹೋದರೆ ಬಿಡದೆ ತಾವೇ ಬಗಲಿಗೆ ಏರಿಸಿಕೊಂಡು ಇಳಿದುಹೋಗುತ್ತಾರೆ. ಗಂಟು ಕಟ್ಟಿದ್ದ ಸೀರೆ ಏನಾಯಿತೆಂದು ಅವರು ಕೇಳಲಿಲ್ಲ, ರಾಚವ್ವನೂ ಹೇಳಲಿಲ್ಲ.

ಏನು ಆಸೆ ನಿನಗೆ ಎಂದು ಕೇಳಿದರೆ ರಾಚವ್ವ ಹೇಳುವುದು ಇಷ್ಟೇ: "ಆ ಹುಡಿಗಿ ಗಂಡನ ಮನ್ಯಾಗ ಥಂಡಿ ಬಿದ್ದಾಗ ಹೊಚ್ಚಿಕೊಂಡು, ಬೆಚ್ಚಗಾತು ಅಂತ ಒಂದ ಮಾತ ಹೇಳಿ ಕಳಸಿದ್ರ ಸಾಕ್ರಿ. ಯಾವ ಭಾಷೆದಾಗ ಹೇಳಿದ್ರೂ ನಡೀತೈತಿ."

ಬಿಸಿಲು ಗ್ಯಾಲರಿಗೆ ಬಂದಿದೆ. ಮಾಡದಿಂದ ಕವಡೆ ತೆಗೆಯುವ ಮೊದಲು ಆಕೆ ತಲೆಯ ಮೇಲೆ ಸೆರಗು ಹೊದ್ದು, ಎಲ್ಲಮ್ಮನಿಗೆ ಕೈ ಮುಗಿದು, ನೆರೆಮನೆಯವಳಿಗೆ ಹೇಳುವ ದನಿಯಲ್ಲಿ ಹೇಳುತ್ತಾಳೆ:

"ಯವ್ವಾ, ಇವು ನಿನ್ನವಲ್ಲಂತ, ಅವರವಂತ. ಸಿಟ್ಟಾಗಬ್ಯಾಡ. ಎಣಸಾಕೂ ಹೋಗಬ್ಯಾಡ, ಒಂದ ಕಡಿಮಿ ಬೀಳತೈತಿ. ಅದು ಕೌದಿ ಉಡ್ಯಾಗ ಐತಿ."