ಅಕ್ಷರಗಳಲ್ಲಿ ಬಸ್ಸು ಬಿಡಿಸಿದ ಸರ್

ಮೊನ್ನೆ ಮಾಣಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರ ಕುತ್ತಿಗೆಯ ಮೇಲೆ ಕಣ್ಣು ಹೋಯಿತು. ಗಂಟಲಿನ ಮುಂದೆ ದಾರದಿಂದ ಕಟ್ಟಿಕೊಂಡ ಅಂಗೈಯಗಲದ ಬಿಳಿ ಬಟ್ಟೆ. ಉಸಿರು ಬಿಟ್ಟಾಗಲೆಲ್ಲ ಅದು ಮೆಲ್ಲನೆ ಏಳುತ್ತಿತ್ತು. ನಮ್ಮ ಕಂಪ್ಯೂಟರ್ ಸರ್ ನೆನಪಾದರು...

ನಾನಾಗ ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಪಿಯುಸಿ ಓದುತ್ತಿದ್ದೆ. ಗಂಟಲಿನ ಕ್ಯಾನ್ಸರಿಗೆ ಆಪರೇಷನ್ ಆಗಿ ಸರ್ ಸ್ವರವನ್ನೇ ಕಳೆದುಕೊಂಡಿದ್ದರು. ಉಸಿರಾಡಲು ಗಂಟಲಿನಲ್ಲಿ ಮಾಡಿದ್ದ ತೂತಿನ ಮೇಲೆ ಅವರೂ ಇಂಥದೇ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು. ಆದರೂ ಪಾಠ ಬಿಟ್ಟಿರಲಿಲ್ಲ. ಲ್ಯಾಬಿನಲ್ಲಿ ಗೋಡೆಯ ದೊಡ್ಡ ಪರದೆಯ ಎದುರು ನಮ್ಮನ್ನು ಕೂರಿಸಿ, ಕಂಪ್ಯೂಟರಿಗೆ ಆಜ್ಞೆ ಬರೆಯುವ ಕಪ್ಪು ಕಿಟಕಿ ತೆರೆದು, ಹೇಳಬೇಕಾದುದನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಟೈಪ್ ಮಾಡಿ ಹೇಳುತ್ತಿದ್ದರು.

ನಾನು ಬೆಳ್ತಂಗಡಿಯಿಂದ ಬರುವವಳು; ತಡವಾಗುವುದು ಮಾಮೂಲು. ಒಂದು ದಿನ ಬಾಗಿಲಲ್ಲಿ ನಿಂತು ಬೈಗುಳಕ್ಕೆ ಕಾದೆ. ಸರ್, ಬರೆದದ್ದನ್ನು ಹಾಗೆಯೇ ಪರದೆಯ ಮೇಲೆ ತೋರಿಸುವ 'ಎಕೋ' ಎಂಬ ಆಜ್ಞೆ ಬರೆದು ಕೊಟೇಶನ್ ಚಿಹ್ನೆ ತೆರೆದರು. ಒಳಗೆ ಅಡ್ಡಗೆರೆ, ಓರೆಗೆರೆ, ಅಡಿಗೆರೆ, ಸಾಲಿನ ಕೆಳಗೆ ಸಾಲು. ಕೊಟೇಶನ್ ಮುಚ್ಚಿ ಎಂಟರ್ ಒತ್ತಿದರೆ ಪರದೆಯ ಮೇಲೊಂದು ಬಸ್ಸು! ಎರಡು 'ಓ' ಅಕ್ಷರಗಳೇ ಚಕ್ರ. ಹಿಂದಿನ ಕಿಟಕಿಯಲ್ಲಿ ನನ್ನಂತೆಯೇ ಎರಡು ಜಡೆಯ ಒಂದು ತಲೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಸರ್ ನಗುವಾಗ ಸದ್ದಿರಲಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು.

ಆಮೇಲೆ ನಮಗೂ ಅದೇ ಹುಚ್ಚು. ಕೊಡೆ, ದೋಣಿ, ಹುಂಜ... ನನ್ನ ಹುಂಜ ಮಾತ್ರ ಪ್ರತಿ ಸಲ ಎಡಕ್ಕೆ ಕುಸಿದು ಬೀಳುತ್ತಿತ್ತು. ಕೊಟೇಶನ್ ಹಾಕಲು ಮರೆಯುತ್ತಿದ್ದೆ. ಖಾಲಿ ಜಾಗಗಳನ್ನೆಲ್ಲ ಕಂಪ್ಯೂಟರ್ ನುಂಗಿಬಿಡುತ್ತಿತ್ತು. ಸರ್ ಪಕ್ಕದಲ್ಲಿ ಕುಳಿತು ಸರಿಪಡಿಸಿ ಕೆಳಗೆ ಬರೆದರು: "ಖಾಲಿ ಜಾಗವೂ ಅಕ್ಷರವೇ. ಬಿಡಬೇಡ."

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನನಗೆ ಕಂಪ್ಯೂಟರಿನಲ್ಲೇ ಅಂಕ ಕಡಿಮೆ ಬಂತು. ಓದಿರಲಿಲ್ಲ, ಅಷ್ಟೇ. ಅಪ್ಪ ಗದರಿಸಿದಾಗ ಬಾಯಿಗೆ ಬಂದದ್ದು ಹೇಳಿದೆ: "ಸರ್‌ಗೆ ಮಾತೇ ಬರುವುದಿಲ್ಲ ಅಪ್ಪ. ಏನೂ ಅರ್ಥ ಆಗುವುದಿಲ್ಲ." ಅಪ್ಪ ಮರುದಿನವೇ ಹೋಗಿ ಪ್ರಾಂಶುಪಾಲರನ್ನು ಕಂಡರು.

ಅದೇ ವಾರ ಪ್ರಾಂಶುಪಾಲರು ಲ್ಯಾಬಿಗೆ ಬಂದರು. "ಪಾಠ ಅರ್ಥ ಆಗ್ತದಾ ಮಕ್ಕಳೇ? ಒಂದು ಕಂಪ್ಲೇಂಟ್ ಉಂಟು" ಎಂದರು. ಸರ್ ಬಾಗಿಲ ಬಳಿ ನಿಂತು ನಮ್ಮನ್ನೇ ನೋಡುತ್ತಿದ್ದರು. "ನೀನು ಹೇಳಮ್ಮ" ಎಂದು ಪ್ರಾಂಶುಪಾಲರು ನನ್ನ ಕಡೆ ತಿರುಗಿದರು. ನಿಜ ಹೇಳಿದರೆ ಮನೆಯಲ್ಲಿ ಹೇಳಿದ ಸುಳ್ಳು ಹೊರಬೀಳುತ್ತಿತ್ತು.

"ಸ್ವಲ್ಪ ಕಷ್ಟ ಆಗ್ತದೆ ಸರ್" ಎಂದೆ. ತಲೆ ಎತ್ತಲಿಲ್ಲ.

ಮುಂದಿನ ಸೋಮವಾರ ಕಂಪ್ಯೂಟರ್ ಸರ್ ಜಾಗಕ್ಕೆ ಒಬ್ಬರು ಮೇಡಂ ಬಂದರು. ಚೆನ್ನಾಗಿ ಮಾತಾಡುತ್ತಿದ್ದರು...

ಓದು ಮುಗಿಸಿ ನಾನೂ ಬಂಟ್ವಾಳದಲ್ಲಿ ಕಂಪ್ಯೂಟರ್ ಪಾಠ ಮಾಡತೊಡಗಿದೆ. ಹೋಗಿ ಕ್ಷಮೆ ಕೇಳಬೇಕು ಎಂದುಕೊಳ್ಳುತ್ತಲೇ ವರ್ಷಗಳು ಕಳೆದವು. ಕೊನೆಗೊಮ್ಮೆ ಸರ್ ಮನೆಯ ವಿಳಾಸ ಹುಡುಕಿಕೊಂಡು ಫರಂಗಿಪೇಟೆಗೆ ಹೋದಾಗ ಬಾಗಿಲು ತೆರೆದವರು ಅವರ ಹೆಂಡತಿ. ಹಳೆಯ ವಿದ್ಯಾರ್ಥಿನಿ ಎಂದದ್ದೇ ತಡ, "ಬಲೆ, ಕುಲ್ಲುಲೆ" ಎಂದು ತುಳುವಿನಲ್ಲಿ ಒಳಗೆ ಕರೆದು ಕೂರಿಸಿದರು. ಸರ್ ತೀರಿಕೊಂಡು ಎಂಟು ತಿಂಗಳಾಗಿತ್ತು.

"ಕೆಲಸ ಹೋದ ದಿನ ಒಂದು ಕಾಗದದಲ್ಲಿ ಬರೆದು ತೋರಿಸಿದ್ರು" ಎಂದರು ಅವರು. "ಮಕ್ಕಳಿಗೆ ಏನೂ ಅರ್ಥ ಆಗ್ತಿರ್ಲಿಲ್ಲಂತೆ, ನನಗೇ ಗೊತ್ತಾಗ್ಲಿಲ್ಲ ಅಂತ. ಆಮೇಲೆ ಎಲ್ಲಿಗೆ ಕರೆದರೂ ಪಾಠಕ್ಕೆ ಹೋಗ್ಲಿಲ್ಲ."

ನನ್ನ ಮಾತನ್ನು ಅವರು ನಂಬಿಬಿಟ್ಟಿದ್ದರು.

"ಎಲ್ಲ ಅರ್ಥ ಆಗ್ತಿತ್ತು ಅಮ್ಮಾ. ಸುಳ್ಳು ಹೇಳಿದ್ದು ನಾನು" ಎಂದೆ.

ಅವರು ಬೈಯಲಿಲ್ಲ. "ಇದನ್ನು ಅವರಿಗೆ ಹೇಳಬೇಕಿತ್ತು ಮಗಾ" ಎಂದರು.

ಈಗಲೂ ಹೊಸ ಮಕ್ಕಳಿಗೆ ಆ 'ಎಕೋ' ಆಜ್ಞೆ ಕಲಿಸುವಾಗ, ಅರ್ಥ ಆಯಿತಾ ಎಂದು ಕೇಳಲು ನನಗೆ ಧೈರ್ಯ ಸಾಲುವುದಿಲ್ಲ. ಬಂಟ್ವಾಳದಿಂದ ಫರಂಗಿಪೇಟೆಗೆ ಅರ್ಧ ಗಂಟೆಯ ದಾರಿ. ಅವರು ಇದ್ದಾಗ ಒಂದು ದಿನ ಹೋಗಿದ್ದರೆ ಸಾಕಿತ್ತು...